ವಿಮಾನ ಸಂಘದಲ್ಲಿ ನಮ್ಮ ಕುರ್ಚಿ

ನಿಮ್ಮ ಕೆಲಸ ಯಾವುದೆಂದು ಯಾರಾದರೂ ಕೇಳಿದರೆ ವಿಮಾನಕ್ಕೆ ಸಂಬಂಧಪಟ್ಟದ್ದು ಎಂದು ಹೇಳಿ, ಮುಂದಿನ ಪ್ರಶ್ನೆ ಬರುವುದರೊಳಗೆ ಅಲ್ಲಿಂದ ಜಾಗ ಖಾಲಿ ಮಾಡುತ್ತೇನೆ. ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತು. ದಿನಚರಿ ಬರೆಯುವುದು, ಬರೆದದ್ದನ್ನು ವರ್ಷದ ಕೊನೆಗೆ ಲೆಕ್ಕ ಹಾಕುವುದು ನನ್ನ ಹಳೆಯ ಚಟ. ಕಳೆದ ವರ್ಷದ ದಿನಚರಿಯಲ್ಲಿ ‘ವಿಮಾನ’ ಎಂಬ ಮಾತು ‘ಊಟ’ಕ್ಕಿಂತ ಹೆಚ್ಚು ಸಲ ಬಂದಿದೆ. ಹತ್ತಿದ್ದು ಮಾತ್ರ ಒಂದು ಸಲವೂ ಇಲ್ಲ. ಚಿತ್ತಾಪುರದ ಮನೆಯಿಂದ ಶಹಾಬಾದಿನ ಕಂಪನಿಗೆ ನಾನು ಹೋಗುವುದು ರೈಲಿನಲ್ಲಿ, ಅದೂ ವಾಡಿಯಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿದು.

ನಮ್ಮ ಕಂಪನಿ ನಿಂತ ವಿಮಾನಗಳಿಗೆ ಮುಸುಕು ಹೊಲಿಯುತ್ತದೆ. ಸೇಡಂ, ವಾಡಿಯ ಸಿಮೆಂಟ್ ಲಾರಿಗಳಿಗೆ ತಾಡಪತ್ರಿ ಹೊಲಿಯುತ್ತಿದ್ದ ನಮ್ಮ ಸಾವಕಾರರು ಹಿಂದೊಮ್ಮೆ ಯಾರದೋ ಸ್ವಂತದ ಚಿಕ್ಕ ವಿಮಾನಕ್ಕೂ ಹೊಲಿದುಕೊಟ್ಟರಂತೆ. ಧೂಳಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆ ಮುಸುಕಿನೊಳಗೆ ಒಂದು ಕಣವೂ ಹೋಗಲಿಲ್ಲ. ಆ ಖುಷಿಯಲ್ಲೇ ಸಾವಕಾರರು ಖಾಸಗಿ ವಿಮಾನದವರ ವ್ಯಾಪಾರಿ ಸಂಘಕ್ಕೆ ಸದಸ್ಯರಾದರು. ನಾನು ಅಕ್ಷರ ಕಲಿಯುವ ಮೊದಲಿನ ಮಾತು ಇದು. ಅಂದಿನಿಂದ ಒಂದು ವಾರ್ಷಿಕ ಸಭೆಯನ್ನೂ ಅವರು ತಪ್ಪಿಸಿಲ್ಲ. ಸಂಘ ಕೊಟ್ಟ ಗಾಜಿನ ಸ್ಮರಣಿಕೆಗಳು ಕಪಾಟು ತುಂಬಿ ಹೊಲಿಗೆ ಯಂತ್ರಗಳ ಮೇಲೂ ಬಂದು ಕುಳಿತಿವೆ. ಸಂಘದಿಂದ ಬಂದ ಕೆಲಸ ಮಾತ್ರ ಒಂದೂ ಇಲ್ಲ. ಹೊಟ್ಟೆಗೆ ಹಾಕುವುದು ಇಂದಿಗೂ ಲಾರಿಯೇ.

ಕಾರಖಾನೆ ನೋಡಿಕೊಳ್ಳುವ ಕಮಲಾಬಾಯಿಯವರು, ಅಂದರೆ ಸಾವಕಾರರ ಹೆಂಡತಿ, ಈ ವರ್ಷ ಸ್ಮರಣಿಕೆಯ ಧೂಳು ಒರೆಸುತ್ತಲೇ ತೀರ್ಪು ಕೊಟ್ಟರು. “ಈ ಸಲ ಸಂಘದಿಂದ ಒಂದರ ಕೆಲಸ ತರ್ರಿ. ಇಲ್ಲಂದ್ರ ಸಂಘ ಬಿಡ್ರಿ. ಗಾಜು ಒರಸಿ ಒರಸಿ ನನ್ನ ಕೈ ಸವ್ಯಾಕತ್ತಾವ.” ಅಂದು ಮಧ್ಯಾಹ್ನದ ಊಟದಲ್ಲಿ ಸಾವಕಾರರು ಎರಡನೆಯ ರೊಟ್ಟಿ ಮುಟ್ಟಲಿಲ್ಲ. ಚಿಂಚೋಳಿ ಕಡೆಯ ಮನೆತನದವರು ರೊಟ್ಟಿ ಬಿಟ್ಟರೆಂದರೆ ವಿಷಯ ಗಂಭೀರವೆಂದೇ ತಿಳಿಯಬೇಕು.

ಸಂಘದ ಪತ್ರವ್ಯವಹಾರ ನೋಡುವವಳು ನಾನು. ಹೋದ ವರ್ಷ ವಾರ್ಷಿಕ ಸಭೆಯ ಜೊತೆಗೆ ನಡೆಯುವ ಪ್ರದರ್ಶನಕ್ಕೂ ಹೋಗಿದ್ದೆನಾದ್ದರಿಂದ ರೋಗ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ನಮ್ಮ ಕಡೆ ಬಂದವರನ್ನು ಮೊದಲು ಕೂಡಿಸಬೇಕು, ನೀರು ಕೊಡಬೇಕು, ಊರು ಕೇರಿ ಕೇಳಬೇಕು. ಕೆಲಸದ ಮಾತು ಏನಿದ್ದರೂ ಅವರು ಎದ್ದು ಚಪ್ಪಲಿ ಮೆಟ್ಟುವಾಗ. ಪ್ರದರ್ಶನದ ಜನವೋ ನಿಂತಲ್ಲೇ ಮಾತಾಡಿ ನಿಂತಲ್ಲಿಂದಲೇ ಮಾಯವಾಗುವವರು. ಸಾವಕಾರರು ಅವರ ಮಕ್ಕಳ ಮದುವೆಯ ಮಾತಿನವರೆಗೆ ಬರುವಷ್ಟರಲ್ಲಿ ಅವರು ಮೂರನೆಯ ಮಳಿಗೆಯಲ್ಲಿರುತ್ತಿದ್ದರು. ಸಾಲದ್ದಕ್ಕೆ ಪ್ರದರ್ಶನ ನಡೆಯುವ ಹೋಟೆಲಿನ ಕುರ್ಚಿ ಸಾವಕಾರರಿಗೆ ಒಗ್ಗುವುದಿಲ್ಲ. ನಮ್ಮದೇ ಮಡಚುವ ಕುರ್ಚಿಗಳಿಗೆ ನಮ್ಮದೇ ಮುಸುಕು ಹಾಕಿ, ವಾಡಿಯಲ್ಲಿ ರೈಲಿಗೆ ಏರಿಸುತ್ತಾರೆ.

ಈ ಸಲ ಕುರ್ಚಿ ಬೇಡ, ಬಂದವರಿಗೆ ಮೊದಲು ಕೆಲಸದ ಮಾತೇ ಹೇಳೋಣ ಎಂದೆ. ಸಾವಕಾರರು ನನ್ನನ್ನು ಕರುಣೆಯಿಂದ ನೋಡಿದರು. “ಮಂದಿನ್ನ ನಿಂದ್ರಿಸಿ ಮಾತಾಡ್ಲಿಕ್ಕೆ ನಾವೇನು ಕೋರ್ಟಿನವರೇನವಾ?” ಕುರ್ಚಿಗಳು ಬಂದವು.

ಪ್ರದರ್ಶನದ ಮೊದಲ ದಿನ ನಾನು ನಮ್ಮ ಮಳಿಗೆಯ ಹೊರಗೆ ನಿಂತು, ಹಾದುಹೋಗುವ ಪ್ರತಿಯೊಬ್ಬರಿಗೂ ಮುಸುಕಿನ ಗುಣಗಳನ್ನು ಮೊದಲನೆಯದು, ಎರಡನೆಯದು ಎಂದು ಕ್ರಮವಾಗಿ ಹೇಳಿದೆ. ಎರಡನೆಯ ಗುಣವನ್ನು ಪೂರ್ತಿ ಕೇಳಿದವರು ಯಾರೂ ಇಲ್ಲ. ಸಂಜೆಯ ಹೊತ್ತಿಗೆ ಜನ ನಮ್ಮ ಸಾಲನ್ನೇ ಬಿಟ್ಟು ಆಚೆಯಿಂದ ಸುತ್ತಿ ಹೋಗತೊಡಗಿದ್ದರು. ಪಕ್ಕದ ಮಳಿಗೆಯವರು ಬಂದು, ನೀವು ಊಟಕ್ಕೆ ಯಾವಾಗ ಹೋಗುತ್ತೀರಿ ಎಂದು ಬಹಳ ವಿನಯದಿಂದ ವಿಚಾರಿಸಿದರು.

ಎರಡನೆಯ ದಿನ ನನ್ನ ಗಂಟಲು ಕೂತಿತು, ಜೊತೆಗೆ ನಾನೂ ಕೂತೆ. ಆಗ ಸಂಘದ ಕಾರ್ಯದರ್ಶಿ ಮೇಡಂ, ಬೆಳಗಿನಿಂದ ಎತ್ತರದ ಚಪ್ಪಲಿಯಲ್ಲಿ ಓಡಾಡಿ ಸುಸ್ತಾದವರು, ಕುರ್ಚಿ ಕಂಡು ಒಳಗೆ ಬಂದರು. ಸಾವಕಾರರು “ಬರ್ರಿ, ಕುಂದ್ರಿ” ಎಂದರು. ಭಾಷೆ ತಿಳಿಯದಿದ್ದರೂ ಆಕೆ ಕುಳಿತರು. ಸಾವಕಾರರು ತಮ್ಮ ದಖನಿ ಹಿಂದಿಯಲ್ಲಿ ಆಕೆಯ ಊರು, ತಾಯಿಯ ಮೊಣಕಾಲು ನೋವು, ಮಗನ ಓದು ಎಲ್ಲವನ್ನೂ ತಿಳಿದುಕೊಂಡು, ರೊಟ್ಟಿಗೆ ನಮ್ಮ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಹಚ್ಚಿ ಕೊಟ್ಟರು. ನಾನು ಕೆಲಸದ ಮಾತಿಗೆ ಕಾದೆ. ಕೊನೆಗೆ ಆಕೆ ಎದ್ದು ಚಪ್ಪಲಿ ಮೆಟ್ಟಿದರು. ಇದೇ ಮುಹೂರ್ತ! ಆದರೆ ಸಾವಕಾರರು ತಾಯಿಯ ಮೊಣಕಾಲಿಗೆ ಯಾವ ಎಣ್ಣೆ ಒಳ್ಳೆಯದೆಂದು ಹೇಳುವುದರಲ್ಲಿ ಮುಳುಗಿದ್ದರು.

ಆಕೆ ತಮ್ಮ ಬಿಳಿ ಸೀರೆಯ ಹಿಂಭಾಗ ನೋಡಿಕೊಂಡರು, ಕುರ್ಚಿಯ ಮೇಲೆ ಬೆರಳೆಳೆದರು. ಧೂಳಿಲ್ಲ. ಪಕ್ಕದಲ್ಲಿ ಕಳಚಿಟ್ಟಿದ್ದ ಮುಸುಕನ್ನು ತೋರಿಸಿ, ಇದನ್ನು ಹೊಲಿದವರು ಯಾರು, ನಮ್ಮ ಸಂಘದ ಸಭಾಂಗಣದ ಕುರ್ಚಿಗಳಿಗೂ ಇಂಥದೇ ಬೇಕು ಎಂದರು. ನಾನು ಥಟ್ಟನೆ ಎದ್ದು, ನಮ್ಮದು ನಿಜವಾಗಿ ವಿಮಾನದ ಮುಸುಕು, ಅದರ ಮೊದಲನೆಯ ಗುಣವೇನೆಂದರೆ ಎಂದು ಶುರುಮಾಡಿದೆ. ಸಾವಕಾರರು ನನ್ನತ್ತ ತಿರುಗದೆಯೇ, “ತಂಗಿ, ನೀ ಸುಮ್ಕ ಕುಂದ್ರು” ಎಂದರು.

ಮರಳುವಾಗ ರೈಲಿನಲ್ಲಿ ಇಬ್ಬರಿಗೂ ಒಂದೇ ಚಿಂತೆ: ಕುರ್ಚಿಯ ಕೆಲಸವೇನೋ ಸಿಕ್ಕಿತು, ಅದು ಕಮಲಾಬಾಯಿಯವರ ಲೆಕ್ಕಕ್ಕೆ ಬರುತ್ತದೆಯೇ? ಊರಿಗೆ ಬಂದ ಮೇಲೆ ಕಮಲಾಬಾಯಿಯವರು ಎಲ್ಲ ಕೇಳಿ, “ಕುರ್ಚಿ ಹಾರ್ತಾವೇನ್ರಿ?” ಎಂದರು.

“ನಮ್ಮ ಮುಸುಕು ಹೊದ್ದ ವಿಮಾನರ ಎಲ್ಲಿ ಹಾರ್ತದ?” ಎಂದರು ಸಾವಕಾರರು. “ನಿಂತಾಗಷ್ಟೇ ನಮ್ಮ ಕೆಲಸ.”

ಕಮಲಾಬಾಯಿಯವರು ಕಪಾಟಿನಲ್ಲಿ ಹೊಸ ಸ್ಮರಣಿಕೆಗೆ ಜಾಗ ಸರಿಸಿದರು. ಸದಸ್ಯತ್ವ ಉಳಿಯಿತು. ಸಾವಕಾರರು ಅಂದು ನಾಲ್ಕು ರೊಟ್ಟಿ ಉಂಡರು.

ಮರುತಿಂಗಳು ಸಂಘದಿಂದ ಪತ್ರ ಬಂತು. ಹಳೆಯ ಸದಸ್ಯ ಕಂಪನಿಯೆಂಬ ಗೌರವಕ್ಕೆ, ಮುಂದಿನ ಸಭೆಯಲ್ಲಿ ಬಂದವರನ್ನು ಕುರ್ಚಿಯಲ್ಲಿ ಕೂಡಿಸುವ ಉಪಸಮಿತಿಗೆ ನಮ್ಮವರೊಬ್ಬರು ಬೇಕಂತೆ. ಸಾವಕಾರರು ನನ್ನ ಹೆಸರು ಕಳಿಸಿದರು. ನಮ್ಮವ್ವ ಓಣಿಯಲ್ಲೆಲ್ಲ ಸುದ್ದಿ ಮಾಡಿದಳು. ಮೊನ್ನೆ ಎದುರು ಮನೆಯ ಅಜ್ಜಿ ನನ್ನನ್ನು ಹಿಡಿದು ನಿಲ್ಲಿಸಿ, ಮುಂದಿನ ಪ್ರಶ್ನೆ ಕೇಳಿಯೇ ಬಿಟ್ಟಳು: “ಯವ್ವಾ, ವಿಮಾನದಾಗ ಹಾರ್ಲಿಕ್ಕೆ ಹೆಂಗನಸ್ತದ?”

ಈ ಸಲ ನಾನು ಜಾಗ ಖಾಲಿ ಮಾಡಲಿಲ್ಲ. “ಕುಂದ್ರೂದು ಕೇಳು ಅಜ್ಜಿ, ಹೇಳ್ತೀನಿ” ಎಂದೆ. “ಹಾರೂದು ನಮ್ಮ ಸಮಿತಿಗಿ ಬರಂಗಿಲ್ಲ.”