ದೊಡ್ಡಪ್ಪನ ಗಾಳಿದಾರಿ

ನಮ್ಮ ದೊಡ್ಡಪ್ಪನನ್ನು ‘ಚೆನ್ನಾಗಿದೀರಾ’ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಚಿಂತಾಮಣಿಯಿಂದ ಗೌರಿಬಿದನೂರು ಎಷ್ಟು ದೂರ ಎಂದು ಕೇಳಿ ನೋಡಿ, ಒಂದಲ್ಲ, ಎರಡು ಉತ್ತರ ಸಿಗುತ್ತವೆ.

“ಗಾಳೀಲೋ, ರೋಡಲ್ಲೋ?”

ಗಾಳಿಯಲ್ಲಿ ಅರವತ್ತು ಚಿಲ್ಲರೆ ಕಿಲೋಮೀಟರ್, ರಸ್ತೆಯಲ್ಲಿ ಎಂಬತ್ತು ಚಿಲ್ಲರೆ. ನಡುವಿನ ಇಪ್ಪತ್ತು ರಸ್ತೆ ಹಾಕಿದವರ ಸೋಮಾರಿತನವೆಂದು ಅವರ ದೂರು. ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಅಳತೆಯ ಸರಪಳಿ ಎಳೆದು ನಿವೃತ್ತರಾದವರಿಗೆ ಸೊಟ್ಟಗಿರುವುದನ್ನು ಕಂಡರೆ ಹೇಗೆ ಸಹಿಸಲಾದೀತು?

ಒಮ್ಮೆ ಮೇಲೂರಿನಲ್ಲಿ ನಂಟರ ಮಗುವಿನ ನಾಮಕರಣ. ನಾವೆಲ್ಲ ಶಿಡ್ಲಘಟ್ಟದಲ್ಲಿ ಬಸ್ಸು ಹತ್ತಿದೆವು. ದೊಡ್ಡಪ್ಪ ಮಾತ್ರ ನೇರವಾಗಿ ನಡೆದೇ ಬರುತ್ತೇನೆಂದು ಹಿಪ್ಪುನೇರಳೆ ತೋಟಕ್ಕೆ ಇಳಿದುಬಿಟ್ಟರು. ಎಂಜಲೆಲೆ ತೆಗೆಯುವ ಹೊತ್ತಿಗೆ ಬಂದರು. ಮಂಡಿಯವರೆಗೆ ಕೆಸರು, ತಲೆಯಲ್ಲಿ ಎಲೆ, ಒಂದೇ ಕಾಲಿಗೆ ಚಪ್ಪಲಿ. ದೊಡ್ಡಮ್ಮ ಅಡಿಯಿಂದ ಮುಡಿಯವರೆಗೆ ನೋಡಿದರು.

“ಒಂದೂವರೆ ಕಿಲೋಮೀಟರ್ ಉಳೀತು ಕಣೇ.”

“ಊಟ ಉಳೀಲಿಲ್ಲ,” ಎಂದರು ದೊಡ್ಡಮ್ಮ.

ಇಂಥವರ ಒಬ್ಬಳೇ ಮಗಳು, ನನ್ನ ಅಕ್ಕ, ನರ್ಸ್ ಆಗಿ ಸೇರಿದ್ದು ದೂರದ ಲೇಹ್‌ನಲ್ಲಿ. ಭಾವ ಸೈನಿಕರು, ಇದ್ದದ್ದು ಕಾರ್ಗಿಲ್‌ನಲ್ಲಿ. ಮನೆಗೆ ಮೊದಲ ಮೊಬೈಲ್ ಬಂದಿದ್ದ ಕಾಲ ಅದು. ದೊಡ್ಡಪ್ಪ ಹೊಸ ಅಟ್ಲಾಸ್ ತಂದು, ಪಕ್ಕದ ಮನೆಯಿಂದ ರೇಷ್ಮೆ ದಾರ ಇಸಿದುಕೊಂಡು ಇಡೀ ಭಾನುವಾರ ಅಳೆದರು. ಗಂಡಹೆಂಡಿರ ನಡುವೆ ಗಾಳಿಯಲ್ಲಿ ಸುಮಾರು ನೂರನಲವತ್ತು, ರಸ್ತೆಯಲ್ಲಿ ಇನ್ನೂರ ಹದಿನೈದು. ಮಗಳು ಫೋನ್ ಮಾಡಿದಾಗಲೆಲ್ಲ ಕ್ಷೇಮಸಮಾಚಾರಕ್ಕಿಂತ ಮೊದಲು ಈ ಲೆಕ್ಕ. ಅಳೆಯುವುದಕ್ಕೆಂದೇ ಮದುವೆ ಮಾಡಿದರು ಎಂದು ದೊಡ್ಡಮ್ಮ ರೇಗಿಸುತ್ತಿದ್ದರು.

ಆ ಚಳಿಗಾಲದಲ್ಲಿ ಅಕ್ಕನಿಗೆ ದಿನ ತುಂಬುತ್ತಿತ್ತು. ಭಾವ ರಜೆ ಹಾಕಿ ಲೇಹ್‌ಗೆ ಬರುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಹಿಮ ಬಿದ್ದು ಘಟ್ಟದ ರಸ್ತೆ ಮುಚ್ಚಿಹೋಯಿತು. ಅಕ್ಕ ಫೋನ್ ಮಾಡಿದಾಗ ನಾನೂ ಅಲ್ಲೇ ಕೂತಿದ್ದೆ.

“ಅಪ್ಪ, ಇವ್ರು ಬರಕ್ಕಾಗ್ತಿಲ್ಲ. ನಂಗೆ ಭಯ ಆಗ್ತಿದೆ.”

ಗಾಳಿಯಲ್ಲಿ ಎಷ್ಟು, ರಸ್ತೆಯಲ್ಲಿ ಎಷ್ಟು ಎಂದು ಈಗ ಶುರುವಾಗುತ್ತದೆ ಎಂದುಕೊಂಡೆ.

“ನಾವು ಬರ್ತೀವಿ ಕಣಮ್ಮ,” ಎಂದರು ದೊಡ್ಡಪ್ಪ.

ಜೀವನವಿಡೀ ಗಾಳಿದಾರಿ ಅಳೆದವರು ವಿಮಾನ ಹತ್ತಿದ್ದು ಅದೇ ಮೊದಲು. ಬೆಂಗಳೂರಿನಿಂದ ದೆಹಲಿ, ಮರುದಿನ ಬೆಳಿಗ್ಗೆ ಅಲ್ಲಿಂದ ಲೇಹ್. ಎರಡು ವಿಮಾನದಲ್ಲೂ ದೊಡ್ಡಪ್ಪ ಬಿಗಿಯಾಗಿ ಕಣ್ಣು ಮುಚ್ಚಿಕೊಂಡೇ ಕೂತಿದ್ದರಂತೆ. ಕೆಳಗೆ ಹಿಮಾಲಯ ಕಾಣುತ್ತಿದೆ, ನೋಡಿ ಎಂದು ದೊಡ್ಡಮ್ಮ ಮೊಣಕೈಯಿಂದ ತಿವಿದರೆ, ನೀನೇ ನೋಡಿ ಹೇಳು ಎಂದರಂತೆ.

ಅಂದು ಸಂಜೆಯೇ ಅಕ್ಕನಿಗೆ ಹೆಣ್ಣುಮಗು ಹುಟ್ಟಿತು. ಶಿಡ್ಲಘಟ್ಟದಿಂದ ಹೊರಟವರು ಎರಡೇ ದಿನದಲ್ಲಿ ತಲುಪಿದ್ದರು. ರಸ್ತೆ ತೆರೆದು, ಕಾರ್ಗಿಲ್‌ನಿಂದ ಹೊರಟ ಭಾವ ಬಂದು ಸೇರಿದ್ದು ಮತ್ತೆ ನಾಲ್ಕು ದಿನಕ್ಕೆ.

ಮುಂದಿನದನ್ನು ಹೇಳಿದ್ದು ದೊಡ್ಡಮ್ಮ. ಒಳಗೆ ಬಂದ ಭಾವ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತರಂತೆ.

“ಇಷ್ಟು ಹತ್ರ ಇದ್ದೂ ಬರಕ್ಕಾಗ್ಲಿಲ್ಲ ಮಾವ.”

ದೊಡ್ಡಪ್ಪ ಯಾವ ಲೆಕ್ಕವನ್ನೂ ಹೇಳಲಿಲ್ಲವಂತೆ. ಅಳಿಯನನ್ನು ಹತ್ತಿರ ಕೂರಿಸಿಕೊಂಡು, ಕೈಗವಸು ಬಿಚ್ಚಿ, ಮರಗಟ್ಟಿದ್ದ ಬೆರಳುಗಳನ್ನು ತಮ್ಮ ಅಂಗೈಗಳ ನಡುವೆ ಇಟ್ಟುಕೊಂಡು ತುಂಬಾ ಹೊತ್ತು ಮೆಲ್ಲಗೆ ಉಜ್ಜಿದರಂತೆ. ಬೆಚ್ಚಗಾಯಿತೆಂದು ಖಾತ್ರಿಯಾದ ಮೇಲೆ ಎದ್ದುಹೋಗಿ, ಮಗುವನ್ನು ತಂದು ಆ ಕೈಗಳಲ್ಲಿ ಇಟ್ಟರಂತೆ.