ಒಕ್ಕಣ್ಣ ಚಿರತೆಯೂ ನನ್ನ ಎಡಗಾಲಿನ ಚಪ್ಪಲಿಯೂ

ನಾಯಿ ಸಾಕಿದವರ ಮೇಲೆ ನನಗೊಂದು ದೂರಿದೆ. ಅವರು ಸುಳ್ಳು ಹೇಳುತ್ತಾರೆ ಎನ್ನಲಾರೆ. ಅರ್ಧ ಸತ್ಯ ಹೇಳಿ ಉಳಿದರ್ಧವನ್ನು ನುಂಗಿಬಿಡುತ್ತಾರೆ. ‘ಮನೆಗೊಂದು ನಾಯಿ ಇರಬೇಕು ಕಣ್ರೀ, ಮನುಷ್ಯರಿಗಿಂತ ಸಾವಿರ ಪಾಲು ವಾಸಿ, ನಿಯತ್ತಿನ ಪ್ರಾಣಿ’ ಎಂದು ಉಪದೇಶ ಮಾಡುತ್ತಾರೆ. ಬೆಳಗ್ಗೆ ಕಣ್ಣು ಪೂರ್ತಿ ಬಿಡುವ ಮೊದಲೇ, ಹಾಸಿಗೆಯಿಂದ ಕೆಳಗಿಟ್ಟ ಪಾದ ಬೆಚ್ಚಗಿನ ಒದ್ದೆಯಲ್ಲಿ ಇಳಿಯುತ್ತದೆ ಎಂಬುದನ್ನು ಮಾತ್ರ ಯಾವ ಪುಣ್ಯಾತ್ಮನೂ ಹೇಳುವುದಿಲ್ಲ. ಮಗು ಹುಟ್ಟಿದ ಮನೆಗೆ ನೆಂಟರು ಬಂದರೆ ಎರಡು ದಿನ ನಿಂತು ಒಂದಿಷ್ಟು ಕೈಜೋಡಿಸಿ ಹೋಗುತ್ತಾರೆ. ನಾಯಿಮರಿ ತಂದ ಮನೆಗೆ ಬಂದವರು ‘ಅಯ್ಯೋ, ಎಷ್ಟು ಮುದ್ದಾಗಿದೆ!’ ಎನ್ನುತ್ತಾರೆ, ಕಾಫಿ ಕುಡಿಯುತ್ತಾರೆ, ಹೊರಟುಹೋಗುತ್ತಾರೆ. ನೆಲ ಒರೆಸುವ ಬಟ್ಟೆಯ ಕಡೆ ಕಣ್ಣೆತ್ತಿ ನೋಡಿದ ಒಬ್ಬರನ್ನೂ ನಾನು ಇದುವರೆಗೆ ಕಂಡಿಲ್ಲ.

ನಾನು ಮೂಡಿಗೆರೆಯಲ್ಲಿ ಕಾಫಿಪುಡಿ ಅಂಗಡಿ ಇಟ್ಟುಕೊಂಡವನು. ಬೀಜ ಹುರಿಯುವುದು, ಪುಡಿ ಮಾಡುವುದು, ಚಿಕೋರಿ ಎಷ್ಟು ಬೆರೆಸಬೇಕೆಂದು ಗಿರಾಕಿಗಳ ಜೊತೆ ವಾದ ಮಾಡುವುದು, ಇಷ್ಟೇ ನನ್ನ ಪ್ರಪಂಚ. ಪಕ್ಕದಲ್ಲಿ ಇಸ್ಮಾಯಿಲ್ ಸಾಬರ ಜೀಪ್ ಗ್ಯಾರೇಜು. ಅಲ್ಲಿ ರಿಪೇರಿಗೆ ನಿಂತಿದ್ದ ಹಳೇ ಜೀಪೊಂದರ ಅಡಿಯಲ್ಲಿ ಬೀದಿನಾಯಿಯೊಂದು ಮರಿ ಹಾಕಿತು. ಒಂದೇ ಮರಿ. ಕಾಫಿ ಹಣ್ಣಿನೊಳಗೆ ಸಾಮಾನ್ಯವಾಗಿ ಎರಡು ಬೀಜ ಇರುತ್ತವೆ; ಅಪರೂಪಕ್ಕೆ ಒಂದೇ ಬೀಜ ದುಂಡಗೆ ಬೆಳೆದರೆ ಅದನ್ನು ನಾವು ಪೀಬಿ ಎನ್ನುತ್ತೇವೆ, ಅದಕ್ಕೆ ಬೆಲೆಯೂ ಒಂದು ಕೈ ಮೇಲೆ. ಒಬ್ಬಂಟಿಯಾಗಿ, ದುಂಡಗೆ, ಕಂದು ಬಣ್ಣದಲ್ಲಿ ಹುಟ್ಟಿದ ಆ ಮರಿಯನ್ನು ನೋಡಿ ನನ್ನ ಬಾಯಿಂದ ‘ಪೀಬಿ’ ಎಂದು ಹೊರಟದ್ದೇ ತಪ್ಪಾಯಿತು. ‘ಹೆಸರು ಇಟ್ಟವರೇ ಸಾಕಬೇಕು ಶೆಟ್ರೆ, ನಮ್ಮಲ್ಲಿ ಹಂಗೇ’ ಎಂದು ಸಾಬರು ಮರಿಯನ್ನು ಗ್ರೀಸ್ ಒರೆಸುವ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. ಅಂಥ ಪದ್ಧತಿ ಯಾರಲ್ಲೂ ಇಲ್ಲವೆಂದು ನನಗೆ ಗೊತ್ತಾಗುವ ಹೊತ್ತಿಗೆ ಅದು ನನ್ನ ಅಂಗಿಯ ಗುಂಡಿಯೊಂದನ್ನು ನುಂಗಿ ಆಗಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ನಾನು ನಾಯಿ ಬಿಟ್ಟುಕೊಂಡೆ.

ಮನೆಯಲ್ಲಿ ನನ್ನ ಹೆಂಡತಿ ವನಜ ಬಾಗಿಲಲ್ಲೇ ಶರತ್ತು ಹಾಕಿದಳು. ನಾಯಿ ಹೊರಗೇ ಇರಬೇಕು, ತಂದವರೇ ಅದರ ಚಾಕರಿ ಮಾಡಬೇಕು. ಎರಡನೆಯ ಶರತ್ತು ಇವತ್ತಿಗೂ ಊರ್ಜಿತದಲ್ಲಿದೆ. ಮೊದಲನೆಯದನ್ನು ಅವಳೇ ಮುರಿದಳು. ಈಗ ಪೀಬಿ ಮಲಗುವುದು ಅವಳ ಮಂಚದ ಕೆಳಗೆ, ಅವಳದೇ ಹಳೇ ಸೀರೆಯ ಮೇಲೆ. ಬೆಳಗಿನ ಅಕ್ಕಿರೊಟ್ಟಿಯಲ್ಲಿ ಬೆಣ್ಣೆ ಸವರಿದ ಮೊದಲ ತುಂಡು ಅದಕ್ಕೆ. ನನಗೆ ಕೊಲೆಸ್ಟರಾಲ್ ಇದೆಯೆಂದು ಬೆಣ್ಣೆ ನಿಷಿದ್ಧ. ಅದನ್ನು ಕೇಳಿದರೆ, ‘ಪಾಪ, ಬೆಳೆಯೋ ಮಗು’ ಎನ್ನುತ್ತಾಳೆ. ಬೆಳೆಯುವುದು ನಿಂತ ಗಂಡಸಿನ ಪಾಡನ್ನು ಕೇಳುವವರು ಯಾರು?

ಇನ್ನು ಅದರ ಶೌಚದ ಸಮಾಚಾರ. ಮಂಜು ಬೀಳುವ ಬೆಳಗಿನಲ್ಲಿ ನಾನು ಅದನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹಲ್ಲು ಕಟಕಟಿಸುತ್ತಾ ನಿಲ್ಲುತ್ತೇನೆ. ಅದು ಪ್ರತಿಯೊಂದು ಎಲೆಯನ್ನೂ ಮೂಸುತ್ತದೆ, ಜಾಗ ಸರಿಯಿಲ್ಲವೆಂದು ಮುಂದೆ ಹೋಗುತ್ತದೆ, ಹಕ್ಕಿ ಕೂಗಿದರೆ ಕತ್ತು ಓರೆ ಮಾಡಿ ಕೇಳುತ್ತದೆ. ಕೊನೆಗೆ ಬಂದ ಕೆಲಸವನ್ನೇ ಮರೆತು ಒಳಗೆ ಓಡಿ, ‘ಸುಸ್ವಾಗತ’ ಎಂದು ಬರೆದ ಕಾಲೊರಸಿನ ಮೇಲೆ ಎಲ್ಲವನ್ನೂ ಸಾವಧಾನವಾಗಿ ಮುಗಿಸುತ್ತದೆ. ಗದರಿದರೆ ನಾನೇ ಏನೋ ಮಾಡಿದವನಂತೆ ನನ್ನನ್ನು ನೋಡುತ್ತದೆ. ಅಂಗಡಿಗೆ ಬಂದವರಲ್ಲಿ ಒಬ್ಬರು ಕಟ್ಟಿಹಾಕಿ ಎಂದರು, ಇನ್ನೊಬ್ಬರು ಕಟ್ಟಿದರೆ ಮುಂಗೋಪಿಯಾಗುತ್ತದೆ ಎಂದರು. ಆಲ್ದೂರಿನಿಂದ ಬರುವ ಮೇಷ್ಟರೊಬ್ಬರು, ‘ಅದರ ಹತ್ತಿರ ಪ್ರೀತಿಯಿಂದ ಮಾತಾಡಿ, ಅರ್ಥ ಮಾಡ್ಕೊಳ್ತದೆ’ ಎಂದರು. ಮಾತಾಡಿದೆ. ನಾಯಿಗೆ ಹೇಳಿದರೆ ನಾಯಿ ಬಾಲಕ್ಕೆ ಹೇಳಿತಂತೆ ಎಂಬ ಗಾದೆ ಕಟ್ಟಿದವನೂ ಒಂದು ಮರಿ ಸಾಕಿರಬೇಕು. ಸಿಟ್ಟು ನೆತ್ತಿಗೇರಿ, ಪುಡಿ ಕಟ್ಟುವಾಗಲೆಲ್ಲ ಗಿರಾಕಿಗಳ ಮುಂದೆ ಗೋಳು ತೋಡಿಕೊಳ್ಳತೊಡಗಿದೆ: ‘ಸಾಕಾಗಿಹೋಗಿದೆ ಮಾರಾಯ್ರೆ, ರಾತ್ರಿಯೆಲ್ಲ ಕುಂಯ್ ಕುಂಯ್ ಅಂತದೆ. ಯಾರಾದ್ರೂ ಕೇಳಿದ್ರೆ ಕೊಟ್ಟೇಬಿಡ್ತೀನಿ.’ ಈ ಮಾತು ನನಗೇ ಉರುಳಾಗುತ್ತದೆಂದು ಆಗ ಹೊಳೆಯಲಿಲ್ಲ.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಚಪ್ಪಲಿಯದು. ಪೀಬಿಗೆ ಹಲ್ಲು ಬರುವ ಕಾಲ, ಏನಾದರೂ ಕಡಿಯಬೇಕು, ಒಪ್ಪಿದೆ. ವನಜಳ ಚಪ್ಪಲಿ ಇದೆ, ಬಂದವರ ಬೂಟುಗಳಿವೆ. ಅದು ಅವನ್ನು ಮೂಸಿಯೂ ನೋಡುವುದಿಲ್ಲ. ಅದಕ್ಕೆ ಬೇಕಾದದ್ದು ನನ್ನ ಚಪ್ಪಲಿ, ಅದರಲ್ಲೂ ಎಡಗಾಲಿನದು. ಕಚ್ಚಿಕೊಂಡು ಬೇಲಿಯ ಕಿಂಡಿಯಲ್ಲಿ ನುಸುಳಿ ಪಕ್ಕದ ಧರ್ಮಪ್ಪಗೌಡರ ಕಾಫಿ ತೋಟಕ್ಕೆ ಓಡುತ್ತದೆ. ಗೌಡರ ತೋಟದ ರೊಬಸ್ಟಾ ಗಿಡಗಳ ರೆಕ್ಕೆಯಂಥ ಕೊಂಬೆಗಳು ನೆಲಕ್ಕೆ ತಾಗುವಷ್ಟು ಬಾಗಿವೆ. ಅವುಗಳ ಬುಡದಲ್ಲಿ ನಾಯಿಮರಿ ಆರಾಮವಾಗಿ ಕೂರಬಹುದು. ಹಿಂದೆ ಹೋದ ಮನುಷ್ಯ ಅಂಬೆಗಾಲಿಡಬೇಕು.

ಆ ದಿನ ನಸುಕಿನಲ್ಲಿ ಆದದ್ದೂ ಅದೇ. ಚಳಿ ಮೈ ಕೊರೆಯುತ್ತಿತ್ತು. ವನಜ ಬಾಬಾಬುಡನ್‌ಗಿರಿಗೆ ಹೋಗಿಬರುವಾಗ ದಾರಿಬದಿಯಲ್ಲಿ ಕೊಂಡಿದ್ದ ರಗ್ಗನ್ನು ತಲೆತುಂಬ ಹೊದ್ದು ಹಿತ್ತಲಿಗೆ ಬಂದಿದ್ದೆ. ಹಳದಿ ಬಣ್ಣದ ಮೇಲೆ ಕಂದು ಹೂಗಳಿರುವ ರಗ್ಗು. ಬಚ್ಚಲ ಕಟ್ಟೆಯ ಮೇಲೆ ಒಂದು ಕ್ಷಣ ಕೂತು ಎಡಗಾಲು ಕೆರೆದುಕೊಂಡದ್ದೇ ನೆಪ, ಚಪ್ಪಲಿ ಮಾಯ. ಬೇಲಿ ದಾಟಿ ಗಿಡಗಳಡಿ ನುಗ್ಗಿದೆ. ಎರಡು ಕೈಯೂ ನೆಲದ ಮೇಲೆ, ಆದ್ದರಿಂದ ಪುಟ್ಟ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡಿದ್ದೆ. ಬೈಯಲೂ ಆಗದ ಸ್ಥಿತಿ. ಬೈಗುಳವೆಲ್ಲ ಗಂಟಲಲ್ಲೇ ಗುರುಗುರು ಎಂದು ಉಳಿಯಿತು. ಗೌಡರು ಕಾಫಿ ಒಣಗಿಸುವ ಕಣದ ಅಂಚಿನವರೆಗೂ ಹಾಗೆಯೇ ಹೋಗಿ, ಚಪ್ಪಲಿ ಸಿಗದೆ, ಮರಿಯೂ ಸಿಗದೆ ಮನೆಗೆ ಬಂದರೆ, ಪೀಬಿ ಆಗಲೇ ಒಲೆಯ ಮುಂದೆ ಕೂತು ರೊಟ್ಟಿ ತಿನ್ನುತ್ತಿತ್ತು.

ಅದೇ ದಿನ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಯೊಬ್ಬರು ಮೊಬೈಲು ಮುಂದೆ ಹಿಡಿದರು. ‘ನೋಡಿದ್ರಾ ಶೆಟ್ರೆ? ನಿಮ್ಮ ಮನೆ ಪಕ್ಕದಲ್ಲೇ ಚಿರತೆ!’ ಕಣದಲ್ಲಿ ಕಾಫಿ ಕಳುವಾಗುತ್ತದೆಂದು ಗೌಡರು ಹಾಕಿಸಿದ್ದ ಕ್ಯಾಮೆರಾದ ಚಿತ್ರವದು. ಮಂಜಿನ ನಡುವೆ, ಬಿಳಿಕಪ್ಪು ಮಸುಕಿನಲ್ಲಿ, ಮೈತುಂಬ ಚುಕ್ಕೆಯಿದ್ದ ಭಾರೀ ಪ್ರಾಣಿಯೊಂದು ಗಿಡಗಳ ಸಂದಿನಲ್ಲಿ ನಿಧಾನವಾಗಿ ಸಾಗುತ್ತಿತ್ತು. ನನ್ನ ಎದೆ ಝಲ್ಲೆಂದಿತು. ತಕ್ಷಣ ಆ ವಿಡಿಯೋವನ್ನು ಕಳಸದಲ್ಲಿರುವ ನನ್ನ ಭಾವನಿಗೆ ‘ಹುಷಾರು’ ಎಂದು ಬರೆದು ಕಳಿಸಿದೆ. ಪರಿಣತರು ಆಗಲೇ ಅಂಗಡಿಯ ಮುಂದೆ ನೆರೆದು ವಿಶ್ಲೇಷಣೆಗೆ ಇಳಿದಿದ್ದರು. ಒಂದೇ ಕಣ್ಣು ಹೊಳೀತಿದೆ, ಇನ್ನೊಂದು ಹೋಗಿದೆ. ಎಡ ಹಿಂಗಾಲು ಕುಂಟು. ಬಲ ಹಿಂಗಾಲಿನಲ್ಲಿ ಎಂತದೋ ಊತ. ವಯಸ್ಸಾಗಿದೆ, ಬೇಟೆಯಾಡಕ್ಕೆ ಆಗ್ತಿಲ್ಲ. ‘ಆದ್ರೂ ಹೊಟ್ಟೆ ನೋಡಿ ಮಾರಾಯ್ರೆ, ಎಲ್ಲೋ ಚೆನ್ನಾಗಿ ತಿಂದ್ಕೊಂಡಿದೆ’ ಎಂದು ಇಸ್ಮಾಯಿಲ್ ಸಾಬರು ಸೇರಿಸಿದರು.

ಅಷ್ಟರಲ್ಲಿ ವಿಡಿಯೋದಲ್ಲಿ ಆ ಚಿರತೆ ನಿಂತಿತು. ನಿಂತು, ಬಲ ಮುಂಗಾಲನ್ನು ಸೊಂಟದ ಹತ್ತಿರ ತಂದು, ಸಡಿಲವಾದ ಪಂಚೆಯನ್ನು ಬಿಗಿ ಮಾಡಿಕೊಂಡಿತು. ‘ಗಾಯ ನೆಕ್ಕಿಕೊಳ್ತಿದೆ, ಪಾಪ’ ಎಂದರು ಯಾರೋ. ನನ್ನ ಬೆವರು ಇಳಿಯಿತು. ಊತ ಎಂದರಲ್ಲ, ಅದು ನನ್ನ ಬಲಗಾಲಿನ ಚಪ್ಪಲಿ. ಹೇಳಿಬಿಡಬಹುದಿತ್ತು. ಆದರೆ ಮುದುಕ, ಕುಂಟ, ಒಕ್ಕಣ್ಣ, ಹೊಟ್ಟೆಬಾಕ ಎಂದು ಇಷ್ಟು ಜನ ಒಮ್ಮತದಿಂದ ತೀರ್ಮಾನಿಸಿದ ಮೇಲೆ ‘ಅದು ನಾನೇ’ ಎಂದು ಮುಂದೆ ಬರುವ ಗಂಡಸು ಯಾರಿದ್ದಾನೆ? ಸುಮ್ಮನೆ ಪುಡಿ ಕಟ್ಟಿದೆ. ಎರಡು ದಿನದಲ್ಲಿ ಎಲ್ಲ ತಣ್ಣಗಾಗುತ್ತದೆ ಎಂದುಕೊಂಡೆ.

ತಣ್ಣಗಾಗಲಿಲ್ಲ. ಜನ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟರು, ಗೌಡರ ತೋಟಕ್ಕೆ ಜೀಪಿನಲ್ಲಿ ಬೋನು ಬಂತು. ಅಂದು ಸಂಜೆ ಗೌಡರು ನಮ್ಮ ಬೇಲಿಯ ಹತ್ತಿರ ಬಂದು ನಿಂತರು. ಹಿಂದೆ ಹಗ್ಗ ಹಿಡಿದ ಇಬ್ಬರು ಆಳುಗಳು, ಅವರ ಹಿಂದೆ ಒಬ್ಬ ಫಾರೆಸ್ಟ್ ಗಾರ್ಡು.

‘ಶೆಟ್ರೆ, ನಿಮ್ಮ ಮರೀನ ಕೊಡಿ. ಬೋನಿಗೆ ಕಟ್ಟಬೇಕು.’

ನನಗೆ ಕೇಳಿದ್ದು ಅರ್ಥವಾಗಲಿಲ್ಲ. ‘ನಮ್ಮ ಮರೀನಾ?’

‘ಎಂತಕ್ಕೆ ಹೆದರ್ತೀರಿ? ನಾಯಿಗೆ ಬೇರೇನೇ ಕೋಣೆ ಇರ್ತದೆ, ಮಧ್ಯೆ ಕಬ್ಬಿಣದ ಸರಳು. ಚಿರತೆ ಮುಟ್ಟಕ್ಕಾಗಲ್ಲ. ಅದು ರಾತ್ರಿಯಿಡೀ ಕೂಗ್ತಾ ಇದ್ರೆ ಸಾಕು.’

‘ಊರಲ್ಲಿ ಬೇರೆ ನಾಯಿ ಇಲ್ವಾ ಗೌಡ್ರೆ?’

‘ನೀವೇ ಹೇಳಿದ್ರಲ್ಲ ಮಾರಾಯ್ರೆ! ರಾತ್ರಿಯೆಲ್ಲ ಕೂಗ್ತದೆ, ಸಾಕಾಗಿದೆ, ಯಾರಿಗಾದ್ರೂ ಕೊಟ್ಟೇಬಿಡ್ತೀನಿ ಅಂತ. ಅರ್ಧ ಮೂಡಿಗೆರೆ ಕೇಳಿದೆ.’

ಪೀಬಿ ಆ ಹೊತ್ತಿಗೆ ನನ್ನ ಎರಡು ಕಾಲುಗಳ ನಡುವೆ ಕೂತು ಪಂಚೆಯ ಅಂಚು ಜಗಿಯುತ್ತಿತ್ತು. ಹಗ್ಗ ಹಿಡಿದವನು ಬಗ್ಗಿದ. ಅದು ಅವನನ್ನು ನೋಡಿತು, ಹಗ್ಗವನ್ನು ನೋಡಿತು, ಆಮೇಲೆ ತಲೆಯೆತ್ತಿ ನನ್ನನ್ನು ನೋಡಿತು. ನನಗೆ ಎಲ್ಲಿಲ್ಲದ ರೋಷ ಬಂತು. ನನ್ನ ನಾಯಿಯನ್ನು ನಾನು ಬೈದುಕೊಳ್ಳುತ್ತೇನೆ. ಅದು ನನ್ನ ಹಕ್ಕು, ಎಡಗಾಲಿನ ಚಪ್ಪಲಿಗಳನ್ನು ಕಳೆದುಕೊಂಡು ಸಂಪಾದಿಸಿದ ಹಕ್ಕು. ನನ್ನ ಬೈಗುಳವನ್ನು ನಂಬಿ ಹಗ್ಗ ಹಿಡಿದು ಬರಲು ಇವರು ಯಾರು?

‘ಕೊಡಲ್ಲ!’ ಎಂದೆ. ‘ಕಟ್ಟಿದ್ರೂ ಪ್ರಯೋಜನ ಇಲ್ಲ. ಅದು ಚಿರತೆ ಅಲ್ಲ. ನಾನು.’

ಗೌಡರು ನನ್ನನ್ನು ಕನಿಕರದಿಂದ ನೋಡಿದರು. ‘ನಾಯಿ ಮೇಲೆ ಪ್ರೀತಿ ಇರಬೇಕು ಶೆಟ್ರೆ, ಬೇಡ ಅನ್ನಲ್ಲ. ಅದಕ್ಕೆ ಹೀಗೆಲ್ಲ ಹೇಳದಾ? ಚಿರತೆಗೂ ಒಂದು ಮರ್ಯಾದೆ ಇರ್ತದೆ.’

ಆ ಕೊನೆಯ ಮಾತು ನನ್ನನ್ನು ಕೆರಳಿಸಿತು. ಒಳಗೆ ಹೋಗಿ ರಗ್ಗು ತಂದೆ. ತಲೆತುಂಬ ಹೊದ್ದೆ, ಟಾರ್ಚು ಬಾಯಿಗಿಟ್ಟೆ, ಎಡಗಾಲಿನ ಚಪ್ಪಲಿ ಬಿಟ್ಟೆ. ಇನ್ನೂ ಬೆಳಕಿರುವಾಗಲೇ, ಗೌಡರು, ಗಾರ್ಡು, ಇಬ್ಬರು ಆಳುಗಳು ಮತ್ತು ಬೇಲಿಯ ಮೇಲೆ ಕತ್ತು ಹಾಕಿದ ಇಡೀ ಬೀದಿಯ ಸಮ್ಮುಖದಲ್ಲಿ, ಕಾಫಿಪುಡಿ ವ್ಯಾಪಾರಿಯಾದ ನಾನು ಕಣದ ಅಂಚಿನಲ್ಲಿ ನಾಲ್ಕು ಕಾಲಲ್ಲಿ ನಡೆದೆ. ಮಧ್ಯದಲ್ಲಿ ನಿಂತು ಪಂಚೆಯನ್ನೂ ಬಿಗಿ ಮಾಡಿಕೊಂಡೆ. ಗಾರ್ಡು ಮೊಬೈಲಿನಲ್ಲಿದ್ದ ವಿಡಿಯೋವನ್ನೂ ನನ್ನನ್ನೂ ಮೂರ್ನಾಲ್ಕು ಸಲ ಹೋಲಿಸಿ ನೋಡಿ, ‘ಇವರೇ’ ಎಂದ. ‘ಹೊಟ್ಟೆ ತಾಳೆಯಾಗ್ತದೆ.’ ಕರೆದರೆ ಒಮ್ಮೆಯೂ ಬಾರದ ಪೀಬಿ ಮಾತ್ರ ಯಾರೂ ಕರೆಯದೆ ಓಡಿಬಂದು, ರಗ್ಗಿನೊಳಗೆ ತೂರಿಕೊಂಡು ನನ್ನ ಮುಖವೆಲ್ಲ ನೆಕ್ಕಿತು. ಬಾಯಲ್ಲಿ ಟಾರ್ಚು ಇದ್ದುದರಿಂದ ನನಗೆ ಬೈಯಲಾಗಲಿಲ್ಲ. ಇಲ್ಲದಿದ್ದರೂ ಬೈಯುತ್ತಿರಲಿಲ್ಲವೇನೋ.

ಬೋನು ವಾಪಸು ಹೋಯಿತು. ‘ನನಗೆ ಮೊದಲ ದಿನವೇ ಗೊತ್ತಾಗಿತ್ತು, ರಗ್ಗು ನಂದಲ್ವಾ’ ಎಂದಳು ವನಜ. ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಎಂದು ಹಾರಾಡಿದೆ. ‘ಗಂಡನ್ನ ಚಿರತೆ ಅಂತ ಊರೆಲ್ಲ ಹೆದರ್ಕೊಂಡಿದ್ರು. ಹೆದರೋರು ಒಂದಿಷ್ಟು ಜನ ಇರ್ಲಿ ಅಂತ ಸುಮ್ನಿದ್ದೆ ಕಣ್ರೀ’ ಎಂದಳು. ಎರಡನೆಯ ವಿಡಿಯೋ ಮೊದಲನೆಯದಕ್ಕಿಂತ ವೇಗವಾಗಿ ಊರೂರು ಸುತ್ತಿತು. ಕಳಸದ ಭಾವ ಅದನ್ನು ನನಗೇ ಕಳಿಸಿ, ಕೆಳಗೆ ‘ಹುಷಾರು’ ಎಂದು ಬರೆದ. ಅಂಗಡಿಗೆ ಬಂದವರು ಈಗ ಪುಡಿಯ ಬೆಲೆ ಕೇಳುವ ಮೊದಲು ಕಾಲಿನ ಊತ ಹೇಗಿದೆ ಎಂದು ವಿಚಾರಿಸುತ್ತಾರೆ.

ಮೊನ್ನೆ ಬೆಳಗಿನ ಜಾವ ಫೋನು ಹೊಡೆದುಕೊಂಡಿತು. ಗೌಡರು. ‘ಏನ್ ಶೆಟ್ರೆ, ಈ ಚಳೀಲಿ ಮತ್ತೆ ಶುರು ಮಾಡಿದ್ರಾ? ಕ್ಯಾಮೆರಾದಲ್ಲಿ ಕಾಣ್ತಾ ಇದೀರಿ. ಚಪ್ಪಲಿ ಹಾಳಾಗಿ ಹೋಗ್ಲಿ, ಮನೆಗೆ ಹೋಗಿ ಮಲ್ಕೊಳ್ಳಿ. ಆದ್ರೂ ಒಂದು ಹೇಳ್ಬೇಕು, ಈ ಸಲ ನಡಿಗೆ ಭಾರಿ ಚೆನ್ನಾಗಿದೆ. ಹೊಟ್ಟೇನೂ ಇಳಿಸಿದೀರಿ.’

ನಾನು ಹಾಸಿಗೆಯಲ್ಲಿದ್ದೆ. ನನ್ನ ಮೇಲೆ ರಗ್ಗಿತ್ತು. ಎಲೆ ಉದುರಿದರೂ ಬೊಗಳುವ ಪೀಬಿ ಅದರೊಳಗೆ ನನ್ನ ಪಕ್ಕೆಗೆ ಅಂಟಿಕೊಂಡು, ಉಸಿರು ಬಿಗಿಹಿಡಿದು ಮಲಗಿತ್ತು.

‘ಗೌಡ್ರೆ,’ ಎಂದೆ ಮೆಲ್ಲಗೆ, ‘ಅದು ನಾನಲ್ಲ.’

‘ಅವತ್ತು ನಾನೇ ಅಂದ್ರಿ, ಇವತ್ತು ನಾನಲ್ಲ ಅಂತೀರಿ. ನಿಮ್ಮನ್ನ ನಂಬದು ಹ್ಯಾಗೆ ಮಾರಾಯ್ರೆ?’ ಎಂದು ಗೌಡರು ನಕ್ಕರು. ‘ತಡೀರಿ, ಫೋನ್ ಇಡ್ಬೇಡಿ. ಬಾಗಿಲು ತೆಗೆದು ಹೊರಗೆ ಬರ್ತೀನಿ. ಒಟ್ಟಿಗೆ ಒಂದು ಲೋಟ ಕಾಫಿ ಕುಡಿಯುವಾ.’