ಅತ್ತೆಗಾಗಿ ಬದಲಾಯಿಸಿದ ಕೊಲೆಗಾರ

ಸುಳ್ಳು ಹೇಳುವುದಕ್ಕೆ ಒಳ್ಳೆಯ ಜ್ಞಾಪಕಶಕ್ತಿ ಬೇಕು. ನಾನೋ ಒಲೆಯ ಮೇಲೆ ಹಾಲಿಟ್ಟು ಮರೆಯುವವಳು. ಅಂಥವಳು ಒಮ್ಮೆ ನಮ್ಮತ್ತೆಯ ಮುಂದೆ, ಅದೂ ಒಂದು ಕೊಲೆಯ ವಿಷಯದಲ್ಲಿ, ಸುಳ್ಳು ಹೇಳಿ ಸಿಕ್ಕಿಬಿದ್ದೆ.

ನಮ್ಮೂರು ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ದಾರಿಯಲ್ಲಿದೆ. ನಾನು ಮದುವೆಯಾಗಿ ಬಂದ ಎಂಬತ್ತರ ದಶಕದಲ್ಲಿ ನಡುಮನೆಯ ತುಂಬ ರೇಷ್ಮೆಹುಳುವಿನ ತಟ್ಟೆಗಳು. ಹುಳುಗಳು ಜಾಗ ಬಿಟ್ಟುಕೊಟ್ಟ ಕಡೆ ಮನುಷ್ಯರು ಮಲಗಬೇಕಿತ್ತು. ಮಧ್ಯಾಹ್ನ ಅತ್ತೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದರೆ ನಾನು ಪಕ್ಕದಲ್ಲಿ ಕೂತು ಪತ್ತೇದಾರಿ ಕಾದಂಬರಿ ಓದುತ್ತಿದ್ದೆ. ಅವರಿಗೆ ಅಕ್ಷರ ಬಾರದು, ಕಿವಿ ಮಾತ್ರ ಬಲು ಚುರುಕು. ನನ್ನನ್ನು ಸಿಕ್ಕಿಸಿದ ಕಾದಂಬರಿ ಮೂರು ಭಾಗದ್ದು. ಒಬ್ಬ ಸಾಹುಕಾರನನ್ನು ಯಾರೋ ಟಾನಿಕ್ಕಿನಲ್ಲಿ ವಿಷ ಬೆರೆಸಿ ಕೊಂದಿದ್ದಾರೆ. ಅವನ ಲಾಯರ್, ಅವನ ಡಾಕ್ಟರ್, ಎಲ್ಲರ ಮೇಲೂ ಅನುಮಾನ. ಬಡವರಿಗೆ ಪುಕ್ಕಟೆ ಔಷಧಿ ಕೊಡುವ ಡಾಕ್ಟರನ ಮೇಲೆ ಅತ್ತೆಗೆ ಮೊದಲ ಪುಸ್ತಕದಲ್ಲೇ ಮಮತೆ ಹುಟ್ಟಿತು. "ದೇವ್ರಂಥವ್ನು ಕಣಮ್ಮಿ" ಎಂದು ಸೊಪ್ಪಿಗೇ ಹೇಳಿಕೊಳ್ಳುತ್ತಿದ್ದರು.

ಮೂರನೆಯ ಭಾಗವನ್ನು ಹನೂರಿನವರು ಯಾರೋ ಲೈಬ್ರರಿಯಿಂದ ಒಯ್ದು ಎರಡು ತಿಂಗಳು ಸತಾಯಿಸಿದರು. ಕೊನೆಗೆ ನಮ್ಮ ಯಜಮಾನರು ಅದನ್ನು ತಂದ ದಿನವೇ ಹುಳು ಹಣ್ಣಾಗಬೇಕೆ! ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ತನಕ ಮನೆಯಲ್ಲಿ ಯಾರಿಗೂ ಉಸಿರಾಡಲು ಪುರುಸೊತ್ತಿಲ್ಲ. "ಉಳ ಮೊದ್ಲು, ಕೊಲೆ ಆಮೇಕೆ" ಎಂದು ಅತ್ತೆ ಪುಸ್ತಕವನ್ನು ಅಟ್ಟಕ್ಕೆ ಹಾಕಿದರು. ನನಗೋ ಕೂತಲ್ಲಿ ಕೂರಲಾಗದು. ಹುಳು ಆರಿಸುತ್ತಿದ್ದರೂ ಕಣ್ಣು ಅಟ್ಟದ ಮೇಲೆ. ಒಮ್ಮೆ ಹಣ್ಣಾಗದ ಹುಳುಗಳನ್ನೂ ಚಂದ್ರಿಕೆಗೆ ಬಿಟ್ಟು ಬೈಸಿಕೊಂಡೆ. ಮರುದಿನ ಬೆಳಿಗ್ಗೆ ತಡೆಯಲಾಗಲಿಲ್ಲ. ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಚ್ಚಲಿಗೆ ಹೋಗಿ, ನೀರೊಲೆಗೆ ಉರಿ ಹಾಕುವ ನೆಪದಲ್ಲಿ ಕೊನೆಯ ಪುಟದವರೆಗೂ ಓದಿಬಿಟ್ಟೆ. ಅಂದು ಸ್ನಾನಕ್ಕೆ ಹೋದ ಯಜಮಾನರು ಕುದಿಯುವ ನೀರಿನ ಮೊದಲ ಚೊಂಬಿಗೇ ಕೂಗಿಕೊಂಡರು.

ಆದರೆ ನನಗೆ ನೀರಿನ ಚಿಂತೆಯಾಗಿರಲಿಲ್ಲ. ವಿಷ ಹಾಕಿದವನು ಡಾಕ್ಟರೇ!

ಕೆಲಸ ಮುಗಿದು ಓದು ಶುರುವಾದಾಗ ಅತ್ತೆಯ ಮುಖ ನೋಡಿದೆ. ಎರಡು ದಿನ ಸರಿಯಾಗಿ ನಿದ್ದೆ ಮಾಡದ ಜೀವ, ಮಗುವಿನ ಹಾಗೆ ಕಾದು ಕೂತಿದೆ. ಇದ್ದದ್ದನ್ನು ಇದ್ದಂತೆ ಓದಲು ನನಗೆ ಬಾಯಿ ಬರಲಿಲ್ಲ. ಪುಸ್ತಕದಲ್ಲಿ 'ಡಾಕ್ಟರ್' ಎಂದಿದ್ದ ಕಡೆಯಲ್ಲೆಲ್ಲ 'ಲಾಯರ್' ಎಂದು ಓದಿ, ಲಾಯರನಿಗೇ ಬೇಡಿ ತೊಡಿಸಿಬಿಟ್ಟೆ.

ಅತ್ತೆ ನನ್ನ ಕಡೆ ತಿರುಗಿ, "ಲಾಯರ್ಗೆ ಟಾನಿಕ್ ಸೀಸೆ ಎಂಗ್ ಸಿಕ್ತು?" ಎಂದರು.

"ಕದ್ದ ಕಣತ್ತೆ."

"ಅವತ್ತು ಅವ್ನು ಮದ್ರಾಸಿಗೆ ಓಗಿರ್ನಿಲ್ವಾ? ಎರಡ್ನೇ ಪುಸ್ತಕದಲ್ಲಿ ನೀನೇ ಓದ್ದೆ."

ನಾನದನ್ನು ಮರೆತೇಬಿಟ್ಟಿದ್ದೆ. "ಬೇಗ ವಾಪಸ್ ಬಂದ..." ಎಂದು ತೊದಲಿದೆ.

"ಬುಕ್ಕಲ್ಲಿ ಅಂಗೇ ಬರ್ದವ್ರಾ?"

ಪುಸ್ತಕ ಮುಚ್ಚಿದೆ. ಅತ್ತೆ ಸಣ್ಣಗೆ ನಕ್ಕರು. "ಡಾಕ್ಟ್ರೇ ಅಂತ ನಂಗೆ ಮೊದ್ಲ್ನೇ ಪುಸ್ತಕದಲ್ಲೇ ಗೊತ್ತಿತ್ತು ಕಣಮ್ಮಿ. ಔಸ್ದಿ ಕೊಡೋ ಕೈ ಇನ್ಯಾರ್ದಿತ್ತು?"

"ಮತ್ತೆ ದೇವರಂಥವನು ಅಂತಿದ್ದಿರಲ್ಲ!"

"ಬಡವ್ರಿಗೆ ಔಸ್ದಿ ಕೊಟ್ಟಿದ್ದು ಸುಳ್ಳಾ? ಕೊಲೆ ಮಾಡ್ದ, ತೆಪ್ಪು. ನಂಗೆ ಬೇಜಾರಾಯ್ತದೆ ಅಂತ ಅವ್ನ ತೆಪ್ಪುನ್ನ ಲಾಯರ್ ತಲೆಗೆ ಕಟ್ಟುದ್ಯಲ್ಲ, ಅದು ಇನ್ನೂ ದೊಡ್ಡ ತೆಪ್ಪು. ಈಗ ನೆಟ್ಟಗೆ ಓದು."

ಮೊದಲಿನಿಂದ ಓದಿದೆ. ಡಾಕ್ಟರನ ಕೈಗೆ ಬೇಡಿ ಬಿದ್ದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಪುಟ ತಿರುವುವುದರಲ್ಲೇ ಮಗ್ನಳಾದಂತೆ ನಟಿಸಿದೆ.

ಕಾದಂಬರಿ ಅಲ್ಲಿಗೆ ಮುಗಿಯಿತು, ನನ್ನ ಕೇಸು ಮುಗಿಯಲಿಲ್ಲ. ಅಲ್ಲಿಂದಾಚೆಗೆ ತವರಿನಿಂದ ಕಾಗದ ಬರಲಿ, ಮದುವೆಯ ಕರೆಯೋಲೆ ಬರಲಿ, ನಾನು ಓದಿ ಮುಗಿಸಿದೊಡನೆ ಅತ್ತೆ ಕೇಳುತ್ತಿದ್ದದ್ದು ಒಂದೇ: "ಇದು ಅವ್ರು ಬರ್ದಿದ್ದಾ, ಇಲ್ಲಾ ನೀ ಸೇರ್ಸಿದ್ದಾ?"